ಕೈಗೆ ಅರ್ಥವಾಗುವ ವಸ್ತು: ಮುಟ್ಟಿ ಬಳಸುವ ತಂತ್ರಜ್ಞಾನವನ್ನು ವಿನ್ಯಾಸ ಮಾಡುವುದು ಹೇಗೆ?

ಕಣ್ಣು ಮುಚ್ಚಿ ನಿಮ್ಮ ಕೀಬೋರ್ಡಿನ ಮೇಲೆ ಬೆರಳಾಡಿಸಿ. ಎಫ್ ಮತ್ತು ಜೆ ಕೀಲಿಗಳ ಮೇಲೆ ಒಂದೊಂದು ಸಣ್ಣ ಉಬ್ಬು ಸಿಗುತ್ತದೆ. ನೋಡಿದರೆ ಕಣ್ಣಿಗೂ ಬೀಳದಷ್ಟು ಸಣ್ಣ ಗೆರೆ. ಆದರೆ ಅದು ಸಿಕ್ಕಿದ್ದೇ ತಡ, ಬೆರಳುಗಳೆಲ್ಲ ತಮ್ಮ ತಮ್ಮ ಜಾಗಕ್ಕೆ ಹೋಗಿ ಕೂರುತ್ತವೆ.

ಈಗ ಅದನ್ನೇ ಫೋನಿನ ಪರದೆ ಮೇಲೆ ಮಾಡಿ ನೋಡಿ. ಎಲ್ಲ ಕಡೆ ಒಂದೇ ಗಾಜು. ಕಣ್ಣು ತೆರೆಯದೆ ಏನೂ ಗೊತ್ತಾಗುವುದಿಲ್ಲ. ಪರದೆ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಒಂದೇ ಜಾಗದಲ್ಲಿ ನೂರು ಕೆಲಸ ಮಾಡಬೇಕಾದರೆ ಅದೇ ಸರಿ. ಆದರೆ ದಿನಾ ಮಾಡುವ ಒಂದೇ ಒಂದು ಕೆಲಸಕ್ಕೆ, ಅದೂ ಕಣ್ಣು ಬೇರೆ ಕಡೆ ಇರುವಾಗ, ಕೈಗೆ ಹಿಡಿಯಲು ಏನಾದರೂ ಬೇಕು.

ಅಂಥ ಒಂದು ವಸ್ತುವನ್ನು ಮೊದಲಿನಿಂದ ಕೊನೆಯವರೆಗೆ ಹೇಗೆ ಮಾಡಬಹುದು ಅಂತ ಇಲ್ಲಿ ಹೇಳುತ್ತೇನೆ. ಉದಾಹರಣೆಗೆ ನಮ್ಮಪ್ಪನಿಗೆ ಮಾಡಿಕೊಟ್ಟ ಒಂದು ಮರದ ತುಂಡನ್ನೇ ಇಟ್ಟುಕೊಳ್ಳೋಣ. ಅಪ್ಪ ಬೆಳಿಗ್ಗೆ ಒಂದು, ರಾತ್ರಿ ಒಂದು ಮಾತ್ರೆ ತಗೊಳ್ಳುತ್ತಾರೆ. ಫೋನಿನಲ್ಲಿ ಅಲಾರಂ ಇಟ್ಟುಕೊಟ್ಟಿದ್ದೆ. ಅದು ಬಡಿದ ಕೂಡಲೇ ಅವರ ಕೈ ತಾನಾಗಿ ಹೋಗಿ ಆರಿಸಿಬಿಡುತ್ತಿತ್ತು. ಹತ್ತು ನಿಮಿಷ ಬಿಟ್ಟು, “ಮಾತ್ರೆ ತಗೊಂಡೆನೇನೋ? ಇಲ್ಲವೇನೋ?” ಅಂತ ನನ್ನನ್ನೇ ಕೇಳುತ್ತಿದ್ದರು. ಅಲಾರಮ್ಮಿಗೆ ಗೊತ್ತಿದ್ದದ್ದು ಹೊತ್ತು ಮಾತ್ರ. ಅಪ್ಪನಿಗೆ ಬೇಕಾಗಿದ್ದದ್ದು “ಆಯ್ತಾ ಇಲ್ವಾ” ಅನ್ನುವುದಕ್ಕೆ ಉತ್ತರ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಂಥದ್ದು ನೆನಪಿಗೆ ಒಂದು ಆಸರೆ ಅಷ್ಟೇ. ಒಂದು ಹೊತ್ತು ತಪ್ಪಿದರೂ ಅಪಾಯ ಅನ್ನುವಂಥ ಔಷಧಿಗೆ ಮನೆಯಲ್ಲಿ ಮಾಡಿದ ವಸ್ತುವನ್ನು ನಂಬಿ ಕೂರಬೇಡಿ.

ಹೆಜ್ಜೆ 1: ಕೈ ಏನು ಮಾಡುತ್ತದೆ, ಸುಮ್ನೆ ನೋಡಿ

ಹೆಚ್ಚಿನವರು ಸೆನ್ಸರ್ ಕೊಂಡುಕೊಂಡು ಶುರು ಮಾಡುತ್ತಾರೆ. ಆಮೇಲೆ ಅದಕ್ಕೊಂದು ಕೆಲಸ ಹುಡುಕುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಕೈಯಿಂದ ಶುರು ಮಾಡಿ. ನನ್ನ ಮಟ್ಟಿಗೆ ಈ ಇಡೀ ಕೆಲಸದಲ್ಲಿ ಇದಕ್ಕಿಂತ ಮುಖ್ಯವಾದ ಮಾತಿಲ್ಲ.

ಎರಡು ಮೂರು ದಿನ, ಏನನ್ನೂ ಬದಲಿಸದೆ, ಆ ಕೆಲಸ ನಡೆಯುವುದನ್ನು ನೋಡಿ. ಒಂದು ಹಾಳೆಯಲ್ಲಿ ಮೂರು ವಿಷಯ ಬರೆದುಕೊಳ್ಳಿ: ಆ ಹೊತ್ತಿನಲ್ಲಿ ಕೈ ಏನು ಮಾಡುತ್ತಿತ್ತು, ಕಣ್ಣು ಎಲ್ಲಿತ್ತು, ಕೆಲಸ ಮುಗಿಯಿತು ಅಂತ ಅವರಿಗೆ ಅನಿಸಿದ್ದು ಯಾವಾಗ. ಬರೆಯುವಾಗ ಕ್ರಿಯಾಪದಗಳನ್ನೇ ಬಳಸಿ. ಎತ್ತಿದರು, ತಳ್ಳಿದರು, ತಟ್ಟಿದರು, ಒರೆಸಿದರು, ಹೀಗೆ. “ಬಳಸಿದರು” ಅಂತ ಬರೆದರೆ ಆ ಸಾಲಿನಿಂದ ನಿಮಗೆ ಏನೂ ಸಿಗುವುದಿಲ್ಲ.

ಅಪ್ಪನನ್ನು ನೋಡುತ್ತಾ ಕೂತಾಗ ನನಗೆ ಒಂದು ಸಣ್ಣ ವಿಷಯ ಕಂಡಿತು. ಮಾತ್ರೆ ನುಂಗಿ, ನೀರು ಕುಡಿದು, ಲೋಟ ಕೆಳಗಿಟ್ಟು, ಆಮೇಲೆ ಎರಡು ಬೆರಳಿನಿಂದ ಮಾತ್ರೆಯ ಹಾಳೆಯನ್ನು ಮೇಜಿನ ಅಂಚಿನ ಕಡೆಗೆ ಸರಿಸುತ್ತಿದ್ದರು. ಪ್ರತಿ ಸಲವೂ. ಅದು ಅವರ “ಆಯ್ತು”. ಯಾರೂ ಹೇಳಿಕೊಟ್ಟದ್ದಲ್ಲ. ಕೆಲಸ ಮುಗಿಸುವ ಒಂದು ಗುರುತು ಕೈಯಲ್ಲಿ ಆಗಲೇ ಇತ್ತು. ನಾನು ಅದಕ್ಕೆ ಹಿಡಿಯಲು ಒಂದು ವಸ್ತು ಕೊಟ್ಟರೆ ಸಾಕಿತ್ತು.

ಹೆಜ್ಜೆ 2: ಒಂದು ಕ್ರಿಯೆ ಆರಿಸಿ, ಉತ್ತರವನ್ನು ವಸ್ತುವಿನಲ್ಲೇ ಇಡಿ

ಈ ಕ್ಷೇತ್ರದಲ್ಲಿ ಎಲ್ಲರೂ ನೆನೆಯುವ ಒಂದು ಉದಾಹರಣೆ ಇದೆ. 1992ರಲ್ಲಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ ಡರೆಲ್ ಬಿಷಪ್ ಎಂಬ ವಿನ್ಯಾಸಕ ಫೋನ್ ಸಂದೇಶ ಹಿಡಿದಿಡುವ ಯಂತ್ರವೊಂದನ್ನು ಯೋಚಿಸಿದರು. ಯಾರಾದರೂ ಸಂದೇಶ ಬಿಟ್ಟರೆ ಯಂತ್ರದಿಂದ ಒಂದು ಗೋಲಿ ಉರುಳಿ ಹೊರಬರುತ್ತದೆ. ಆ ಗೋಲಿಯನ್ನು ಒಂದು ಗುಳಿಯಲ್ಲಿಟ್ಟರೆ ಸಂದೇಶ ಕೇಳುತ್ತದೆ. ಫೋನಿನ ಮೇಲಿಟ್ಟರೆ ಆ ವ್ಯಕ್ತಿಗೆ ವಾಪಸ್ ಕರೆ ಹೋಗುತ್ತದೆ. ಎಷ್ಟು ಸಂದೇಶ ಬಂದಿದೆ ಅಂತ ತಿಳಿಯಲು ಗುಂಡಿ ಒತ್ತಬೇಕಾಗಿಲ್ಲ, ಗೋಲಿ ಎಣಿಸಿದರೆ ಸಾಕು. ಇಂಥ ಆಲೋಚನೆಗಳನ್ನೆಲ್ಲ ಒಂದು ಚೌಕಟ್ಟಿಗೆ ತಂದು, 1997ರಲ್ಲಿ ಅಮೆರಿಕದ ಎಂಐಟಿ ಮೀಡಿಯಾ ಲ್ಯಾಬಿನ ಹಿರೋಶಿ ಇಶಿ ಮತ್ತು ಬ್ರಿಗ್ ಉಲ್ಮರ್ “ಟ್ಯಾಂಜಿಬಲ್ ಬಿಟ್ಸ್” ಎಂದು ಹೆಸರಿಟ್ಟರು. ಮಾಹಿತಿಯನ್ನು ಕೈಯಲ್ಲಿ ಹಿಡಿಯುವ ಹಾಗೆ ಮಾಡುವುದು ಅದರ ತಿರುಳು.

ಗೋಲಿಯಿಂದ ನಾನು ಕಲಿತದ್ದು ಇಷ್ಟು: ಸ್ಥಿತಿ ವಸ್ತುವಿನಲ್ಲೇ ಇರಬೇಕು. ಒಳಗೆ ಎಲ್ಲೋ ನೆನಪಿನಲ್ಲಿಟ್ಟು ಹೊರಗೆ ಬೇರೇನೋ ತೋರಿಸಿದರೆ ಎರಡೂ ಒಂದು ದಿನ ತಾಳ ತಪ್ಪುತ್ತವೆ.

ಹಾಗಾಗಿ ಮೊದಲು ಒಂದು ವಾಕ್ಯ ಬರೆಯಿರಿ. ಯಾರು, ಏನು ಮಾಡಿದಾಗ, ಏನು ಗೊತ್ತಾಗಬೇಕು. ನನ್ನ ವಾಕ್ಯ: “ಅಪ್ಪ ಮಾತ್ರೆ ತಗೊಂಡ ಮೇಲೆ ತುಂಡನ್ನು ಮಗುಚಿ ಇಡುತ್ತಾರೆ; ಅದನ್ನು ನೋಡಿದ ಯಾರಿಗಾದರೂ ಆಯ್ತು ಅಂತ ಗೊತ್ತಾಗುತ್ತದೆ.”

ಬರೆದ ಮೇಲೆ ಒಂದು ತೊಡಕು ಕಂಡಿತು. ಒಂದು ಮುಖ “ಆಯ್ತು”, ಇನ್ನೊಂದು “ಆಗಿಲ್ಲ” ಅಂತಿಟ್ಟರೆ, ಮುಂದಿನ ಹೊತ್ತಿಗೆ ಅದನ್ನು ವಾಪಸ್ ತಿರುಗಿಸುವವರು ಯಾರು? ಅದಕ್ಕೇ ಮತ್ತೊಂದು ಅಲಾರಂ ಬೇಕಾಗುತ್ತದೆ. ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ಉತ್ತರ ಹೊಳೆಯಿತು. ಮೇಲಿನ ಮುಖ “ಮುಂದಿನ ಮಾತ್ರೆ ಯಾವುದು” ಅಂತ ಹೇಳಲಿ. ನುಣುಪು ಮುಖ ಮೇಲಿದ್ದರೆ ಮುಂದಿನದು ಬೆಳಿಗ್ಗೆಯದು. ಗೀರು ಹಾಕಿದ ತರಿತರಿ ಮುಖ ಮೇಲಿದ್ದರೆ ರಾತ್ರಿಯದು. ಪ್ರತಿ ಮಾತ್ರೆಗೆ ಒಂದು ಸಲ ಮಗುಚಿದರೆ ಆಯಿತು, ಯಾರೂ ಏನನ್ನೂ ವಾಪಸ್ ಮಾಡಬೇಕಾಗಿಲ್ಲ. ಮಧ್ಯಾಹ್ನ ನುಣುಪು ಮುಖವೇ ಮೇಲಿದ್ದರೆ ಬೆಳಿಗ್ಗೆಯ ಮಾತ್ರೆ ತಪ್ಪಿದೆ ಅಂತ ಅರ್ಥ. ಕರೆಂಟ್ ಇಲ್ಲದಿದ್ದರೂ, ಬ್ಯಾಟರಿ ಸತ್ತರೂ, ಕತ್ತಲಲ್ಲಿ ಮುಟ್ಟಿ ನೋಡಿದರೂ ಉತ್ತರ ಸಿಗುತ್ತದೆ. ನಿಮ್ಮ ವಸ್ತುವಿಗೂ ಈ ಪರೀಕ್ಷೆ ಇಡಿ: ವೈರು ಕಿತ್ತು ಹಾಕಿದ ಮೇಲೆ ಅದು ಇನ್ನೂ ಏನಾದರೂ ಹೇಳುತ್ತದೆಯೇ?

ಹೆಜ್ಜೆ 3: ಆಕಾರವೇ ಮಾತಾಡಲಿ

ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಬಿ-17 ವಿಮಾನಗಳು ಸುರಕ್ಷಿತವಾಗಿ ನೆಲ ಮುಟ್ಟಿದ ಮೇಲೆ ಹೊಟ್ಟೆಯ ಮೇಲೆ ಕುಸಿಯುತ್ತಿದ್ದವು. ತಪ್ಪು ಪೈಲಟ್‌ಗಳದ್ದು ಅಂತಲೇ ಎಲ್ಲರೂ ಅಂದುಕೊಂಡಿದ್ದರು. ಮನಶ್ಶಾಸ್ತ್ರಜ್ಞ ಆಲ್ಫೋನ್ಸ್ ಚಪಾನಿಸ್ ಕಾಕ್‌ಪಿಟ್ಟಿಗೆ ಹೋಗಿ ನೋಡಿದರೆ, ಚಕ್ರ ಮೇಲೆತ್ತುವ ಹಿಡಿಕೆ ಮತ್ತು ರೆಕ್ಕೆಯ ಫ್ಲ್ಯಾಪ್‌ ಹಿಡಿಕೆ ಅಕ್ಕಪಕ್ಕದಲ್ಲಿದ್ದವು, ಮುಟ್ಟಿದರೆ ಎರಡೂ ಒಂದೇ ತರಹ. ದಣಿದ ಕೈ ಫ್ಲ್ಯಾಪ್ ಬದಲು ಚಕ್ರವನ್ನು ಎಳೆದುಬಿಡುತ್ತಿತ್ತು. ಅವರು ಸೂಚಿಸಿದ ಪರಿಹಾರ ತುಂಬಾ ಸರಳ. ಚಕ್ರದ ಹಿಡಿಕೆಗೆ ರಬ್ಬರಿನ ಪುಟ್ಟ ಚಕ್ರ, ಫ್ಲ್ಯಾಪ್ ಹಿಡಿಕೆಗೆ ಬೆಣೆಯಂಥ ತುಂಡು. ಆ ಗೊಂದಲ ನಿಂತಿತು. ದೊಡ್ಡ ವಿಮಾನಗಳಲ್ಲಿ ಈ ಎರಡು ಹಿಡಿಕೆಗಳ ಆಕಾರ ಹೀಗೇ ಇರಬೇಕು ಅಂತ ಅಮೆರಿಕದ ನಿಯಮಗಳು ಇವತ್ತಿಗೂ ಹೇಳುತ್ತವೆ.

ಆದರೂ ಈ ಪಾಠವನ್ನು ನಾವು ಮತ್ತೆ ಮತ್ತೆ ಮರೆಯುತ್ತೇವೆ. 2017ರ ಆಗಸ್ಟಿನಲ್ಲಿ ಯುಎಸ್‌ಎಸ್ ಜಾನ್ ಎಸ್. ಮೆಕೇನ್ ಎಂಬ ಅಮೆರಿಕದ ಯುದ್ಧನೌಕೆ ಸಿಂಗಪುರದ ಬಳಿ ತೈಲ ಹಡಗಿಗೆ ಡಿಕ್ಕಿಯಾಗಿ 10 ನಾವಿಕರು ಸತ್ತರು. ಹಡಗಿನ ವೇಗ ಮತ್ತು ದಿಕ್ಕನ್ನು ಟಚ್ ಸ್ಕ್ರೀನಿನಿಂದ ನಿಯಂತ್ರಿಸುವ ವ್ಯವಸ್ಥೆ ಉಂಟುಮಾಡಿದ ಗೊಂದಲ, ತರಬೇತಿಯ ಕೊರತೆ, ಎರಡೂ ತನಿಖೆಯಲ್ಲಿ ಹೊರಬಂದವು. 2019ರಲ್ಲಿ ಅಮೆರಿಕದ ನೌಕಾಪಡೆ ಕೈಯಲ್ಲಿ ಹಿಡಿದು ವೇಗ ಬದಲಿಸುವ ಥ್ರಾಟಲ್‌ಗಳನ್ನೇ ವಾಪಸ್ ತರುವುದಾಗಿ ಹೇಳಿತು. ಥ್ರಾಟಲ್ ಹಿಡಿಕೆ ಎಷ್ಟು ಮುಂದೆ ಇದೆ ಅನ್ನುವುದು ಕೈಗೆ ಗೊತ್ತಾಗುತ್ತದೆ. ಪರದೆಯ ಮೇಲಿನ ಪಟ್ಟಿಯನ್ನು ಓದಲೇಬೇಕು.

ನಿಮ್ಮ ವಸ್ತುವಿನಲ್ಲಿ ಎರಡು ಭಾಗ ಬೇರೆ ಬೇರೆ ಕೆಲಸ ಮಾಡುತ್ತಿದ್ದರೆ ಮುಟ್ಟಿದಾಗಲೂ ಬೇರೆ ಬೇರೆ ಅನಿಸಬೇಕು. ಬಣ್ಣ ಒಂದನ್ನೇ ನಂಬಬೇಡಿ. ಕೆಂಪು, ಹಸಿರು ಬೇರೆ ಬೇರೆಯಾಗಿ ಕಾಣದವರು ಬಹಳ ಜನ ಇದ್ದಾರೆ.

ಹೆಜ್ಜೆ 4: ಯಾವ ಇಂದ್ರಿಯಕ್ಕೆ ಯಾವ ಕೆಲಸ

ಸ್ಪರ್ಶದಿಂದ ಶುರು ಮಾಡೋಣ. ಬೆರಳ ತುದಿ 2–3 ಮಿಲಿಮೀಟರ್ ಅಂತರದಲ್ಲಿರುವ ಎರಡು ಚುಕ್ಕೆಗಳನ್ನು ಬೇರೆ ಬೇರೆ ಅಂತ ಗುರುತಿಸುತ್ತದೆ. ಅದೇ ಬೆನ್ನಿಗೆ ಸುಮಾರು 4 ಸೆಂಟಿಮೀಟರ್ ಅಂತರ ಬೇಕು. ಹಾಗಾಗಿ ನಾಜೂಕಿನ ಗುರುತುಗಳು ಬೆರಳಿಗಿರಲಿ. ಮಣಿಕಟ್ಟು, ತೋಳು, ಬೆನ್ನಿಗೆ ಒಂದೆರಡು ದೊಡ್ಡ ಸಂಕೇತ ಸಾಕು. ವೈಬ್ರೇಷನ್ ನಮ್ಮ ಚರ್ಮಕ್ಕೆ ಅತಿ ಚೆನ್ನಾಗಿ ತಿಳಿಯುವುದು ಸೆಕೆಂಡಿಗೆ ಸುಮಾರು 250 ಕಂಪನಗಳಿದ್ದಾಗ. ಅದಕ್ಕಿಂತ ತುಂಬಾ ಕಡಿಮೆಯಾದರೂ, ಜಾಸ್ತಿಯಾದರೂ ಮಂಕಾಗುತ್ತದೆ.

ಲೋಹ ತಣ್ಣಗೆ, ಮರ ಬೆಚ್ಚಗೆ ಅನಿಸುತ್ತದೆ, ಅಲ್ವಾ? ಒಂದೇ ಕೋಣೆಯಲ್ಲಿದ್ದರೆ ಎರಡರ ಉಷ್ಣತೆಯೂ ಒಂದೇ. ಲೋಹ ನಮ್ಮ ಕೈಯ ಶಾಖವನ್ನು ಬೇಗ ಎಳೆದುಕೊಳ್ಳುತ್ತದೆ, ಅಷ್ಟೇ. ನಿಮಗೆ ಇದು ಬಹಳ ಉಪಯೋಗಕ್ಕೆ ಬರುತ್ತದೆ. ಮರದ ನಡುವೆ ಒಂದು ಲೋಹದ ಬಿಲ್ಲೆ ಕೂರಿಸಿದರೆ ಕತ್ತಲಲ್ಲೂ ಬೆರಳು ಅದನ್ನು ತಕ್ಷಣ ಹುಡುಕುತ್ತದೆ.

ತೂಕವನ್ನು ಯಾಕೋ ಎಲ್ಲರೂ ಮರೆಯುತ್ತಾರೆ. ನನ್ನ ಮೊದಲ ತುಂಡು 80 ಗ್ರಾಂ ಇತ್ತು. ಅಪ್ಪ ಕೈಗೆತ್ತಿಕೊಂಡು, “ಮಕ್ಕಳ ಆಟದ ಸಾಮಾನಾ ಇದು?” ಅಂದರು. ಒಳಗೆ ಗುಳಿ ತೋಡಿ ಹಿತ್ತಾಳೆ ತುಂಡುಗಳನ್ನು ತುಂಬಿ 210 ಗ್ರಾಂ ಮಾಡಿದೆ. ಆಮೇಲೆ ಅದನ್ನು ಎತ್ತುವ ರೀತಿಯೇ ಬದಲಾಯಿತು. ಎರಡು ಬೆರಳಿನ ಬದಲು ಇಡೀ ಕೈ ಬಂತು. ಕೆಳಗಿಡುವಾಗ ಮೆಲ್ಲಗೆ, ಗಮನ ಕೊಟ್ಟು ಇಡುತ್ತಿದ್ದರು. ಮಾತ್ರೆ ತಗೊಂಡದ್ದು ನೆನಪಲ್ಲಿ ಉಳಿಯಲು ಆ ಒಂದು ಗಳಿಗೆಯ ಗಮನವೇ ಸಹಾಯ ಮಾಡುತ್ತದೆ ಅಂತ ನನ್ನ ನಂಬಿಕೆ.

ಇನ್ನು ಕಿವಿ. ನಾನು ಮೊದಲು ಹಾಕಿದ್ದು ಬೀಪ್ ಅನ್ನುವ ಬಝರ್. ಇಂಥ ಚಿಕ್ಕ ಪೀಜೋ ಬಝರ್‌ಗಳು 2,000ದಿಂದ 4,000 ಹರ್ಟ್ಜ್ ಆಸುಪಾಸಿನಲ್ಲಿ ಕೀಚಲಾಗಿ ಕೂಗುತ್ತವೆ. ವಯಸ್ಸಾದಂತೆ ಮೊದಲು ಹೋಗುವುದೇ ಕೀಚಲು ಸದ್ದು ಕೇಳುವ ಶಕ್ತಿ. ಅಂದರೆ ಪಕ್ಕದ ಕೋಣೆಯಲ್ಲಿದ್ದ ನನಗೆ ಕಿರಿಕಿರಿ, ಎದುರಿಗಿದ್ದ ಅಪ್ಪನಿಗೆ ಅರೆಬರೆ. ಬಝರ್ ತೆಗೆದು, ಒಂದು ಸಣ್ಣ ಸರ್ವೋ ಮೋಟಾರಿಗೆ (ಹೇಳಿದಷ್ಟೇ ತಿರುಗಿ ನಿಲ್ಲುವ ಮೋಟಾರು) ಮರದ ಮಣಿ ಅಂಟಿಸಿ, ಅದು ತುಂಡನ್ನಿಡುವ ಟೊಳ್ಳು ತಟ್ಟೆಗೆ ಬಡಿಯುವ ಹಾಗೆ ಮಾಡಿದೆ. ಟಕ್, ಟಕ್. ಯಾರೋ ಬಾಗಿಲು ತಟ್ಟಿದ ಹಾಗೆ. ತಗ್ಗು ಸ್ವರ, ಮರದ್ದೇ ಸದ್ದು. ಅಪ್ಪನಿಗೆ ಚೆನ್ನಾಗಿ ಕೇಳಿಸಿತು.

ವಾಸನೆ ಮತ್ತು ರುಚಿಯನ್ನು ಮೊದಲ ಪ್ರಯತ್ನದಲ್ಲಿ ಮುಟ್ಟಲೇಬೇಡಿ. ಹರಡಿದ ವಾಸನೆಯನ್ನು ಬೇಕೆಂದಾಗ ಆರಿಸಲು ಆಗುವುದಿಲ್ಲ.

ಹೆಜ್ಜೆ 5: ರಟ್ಟು, ಜೇಡಿಮಣ್ಣು, ಮತ್ತು ಮೇಜಿನ ಹಿಂದೆ ಒಬ್ಬ ಮನುಷ್ಯ

ಎಲೆಕ್ಟ್ರಾನಿಕ್ಸಿಗೆ ಇನ್ನೂ ಕೈ ಹಾಕಬೇಡಿ. ರಟ್ಟು, ಜೇಡಿಮಣ್ಣು, ಹಳೆ ಡಬ್ಬಿ, ಏನು ಸಿಗುತ್ತದೋ ಅದರಲ್ಲಿ ಏಳೆಂಟು ಆಕಾರ ಮಾಡಿ. ಒಂದೊಂದಕ್ಕೆ ಹತ್ತು ನಿಮಿಷಕ್ಕಿಂತ ಜಾಸ್ತಿ ಕೊಡಬೇಡಿ. ಯಾವುದಕ್ಕೂ ಹೆಸರು ಬರೆಯದೆ, ವಿವರಣೆ ಕೊಡದೆ, ಬಳಸುವವರ ಮುಂದಿಟ್ಟು ಸುಮ್ಮನೆ ಕೂರಿ. ಕೈ ಮೊದಲು ಎಲ್ಲಿಗೆ ಹೋಗುತ್ತದೆ ನೋಡಿ. ಉರುಟಾದದ್ದನ್ನು ಜನ ತಿರುಗಿಸುತ್ತಾರೆ, ಚಪ್ಪಟೆಯಾದದ್ದನ್ನು ಮಗುಚುತ್ತಾರೆ, ಉಬ್ಬಿದ್ದನ್ನು ಒತ್ತುತ್ತಾರೆ. ನಿಮ್ಮ ಕ್ರಿಯೆಗೂ ಆಕಾರಕ್ಕೂ ಹೊಂದದಿದ್ದರೆ ಬದಲಿಸಬೇಕಾದ್ದು ಆಕಾರವನ್ನು. “ಇಲ್ಲಿ ಮಗುಚಿ” ಅಂತ ಚೀಟಿ ಅಂಟಿಸಿದರೆ ಸಮಸ್ಯೆ ಹಾಗೇ ಉಳಿಯುತ್ತದೆ.

ಆಮೇಲೆ ನೀವೇ ಯಂತ್ರವಾಗಿ. ನಾನು ರಟ್ಟಿನ ತುಂಡನ್ನು ಅಪ್ಪನ ಮುಂದಿಟ್ಟು, ಅವರು ಮಗುಚಿದಾಗ ಮೇಜಿನ ಅಡಿಯಿಂದ ಬೆರಳಲ್ಲಿ “ಟಕ್” ಅಂತ ಬಡಿದೆ. ಎರಡು ಸಲ ಬಡಿದರೆ ಏನೋ ತಪ್ಪಾಯಿತು ಅಂದುಕೊಂಡರು, ಒಂದು ಸಲಕ್ಕೆ ತಲೆಯಾಡಿಸಿದರು. ಒಂದು ಸಾಲು ಕೋಡ್ ಇಲ್ಲದೆ ಅರ್ಧ ಗಂಟೆಯಲ್ಲಿ ಇದು ಗೊತ್ತಾಯಿತು. ಯಂತ್ರದ ಕೆಲಸವನ್ನು ಮನುಷ್ಯ ಮರೆಯಲ್ಲಿದ್ದು ಮಾಡುವ ಈ ವಿಧಾನ 1980ರ ದಶಕದಿಂದಲೂ ಬಳಕೆಯಲ್ಲಿದೆ. ನಾಚಿಕೊಳ್ಳದೆ ಮಾಡಿ.

ಹೆಜ್ಜೆ 6: ಈಗ ಸೆನ್ಸರ್

ಆರ್ಡುಯಿನೋ ಅಂದರೆ ಸೆನ್ಸರ್, ಮೋಟಾರುಗಳನ್ನು ನಡೆಸುವ ಅಂಗೈಯಗಲದ ಪುಟ್ಟ ಕಂಪ್ಯೂಟರ್ ಬೋರ್ಡ್. ಅದು 2005ರಲ್ಲಿ ಇಟಲಿಯ ಇವ್ರೆಯಾ ಊರಿನ ವಿನ್ಯಾಸ ಸಂಸ್ಥೆಯಲ್ಲಿ ಹುಟ್ಟಿದ್ದೇ ಇಂಥ ಕೆಲಸಕ್ಕೆ, ಎಂಜಿನಿಯರ್ ಅಲ್ಲದವರೂ ಬಳಸಲಿ ಅಂತ. ಅಂಥದ್ದೇ ಇನ್ನೊಂದು ಬೋರ್ಡ್ ಮೈಕ್ರೋಬಿಟ್ ಕೂಡ ಚೆನ್ನಾಗಿದೆ. ಅದರಲ್ಲಿ ಎರಡು ಗುಂಡಿ, 25 ಪುಟ್ಟ ದೀಪ, ಅಲುಗಾಟ ಅಳೆಯುವ ಸೆನ್ಸರ್ ಮೊದಲೇ ಇವೆ.

ಸರ್ಕ್ಯೂಟನ್ನೆಲ್ಲ ಮರದ ತುಂಡಿನೊಳಗೆ ತುರುಕಬೇಕು ಅಂತ ನಾನು ಮೊದಲು ಹೊರಟಿದ್ದೆ. ಆಗ ತುಂಡಿಗೆ ಬ್ಯಾಟರಿ ಬೇಕು, ಚಾರ್ಜ್ ಬೇಕು. ಬದಲಿಗೆ ತುಂಡನ್ನು ಬರೀ ತುಂಡಾಗಿಯೇ ಬಿಟ್ಟೆ. ಎರಡೂ ಮುಖಗಳ ನಡುಮಧ್ಯೆ, ಮೇಲ್ಮೈಗೆ ಹತ್ತಿರವಾಗಿ ಒಂದೊಂದು ಸಣ್ಣ ಅಯಸ್ಕಾಂತ ಹುದುಗಿಸಿದೆ. ಒಂದು ಕಡೆ ಉತ್ತರ ಧ್ರುವ ಹೊರಕ್ಕೆ, ಇನ್ನೊಂದು ಕಡೆ ದಕ್ಷಿಣ ಧ್ರುವ ಹೊರಕ್ಕೆ. ತುಂಡು ಕೂರುವ ತಟ್ಟೆಯ ಕೆಳಗೆ ಒಂದು ಲೀನಿಯರ್ ಹಾಲ್ ಸೆನ್ಸರ್, ಅಂದರೆ ಕಾಂತಕ್ಷೇತ್ರದ ಬಲ ಮತ್ತು ದಿಕ್ಕನ್ನು ಅಳೆಯುವ ಸೆನ್ಸರ್. ಆರ್ಡುಯಿನೋದ ಊನೋ ಎಂಬ ಮಾದರಿಯಲ್ಲಿ ಇಂಥ ಸೆನ್ಸರಿನ ಅನಲಾಗ್ ಓದಿಕೆ 0ಯಿಂದ 1023ರವರೆಗೆ ಬರುತ್ತದೆ. ತುಂಡು ಕೈಯಲ್ಲಿದ್ದರೆ ನಡುವಿನ 512ರ ಹತ್ತಿರ ನಿಲ್ಲುತ್ತದೆ. ಒಂದು ಮುಖ ಕೆಳಗಿದ್ದರೆ ನನಗೆ 640ರ ಆಸುಪಾಸು, ಇನ್ನೊಂದಕ್ಕೆ 390ರ ಆಸುಪಾಸು ಬಂತು. ನಿಮ್ಮ ಅಯಸ್ಕಾಂತ ಮತ್ತು ಮರದ ದಪ್ಪಕ್ಕೆ ತಕ್ಕಂತೆ ಇದು ಬದಲಾಗುತ್ತದೆ, ಮೊದಲು ಅಳೆದು ನೋಡಿ. ಹೀಗೆ ಒಂದೇ ಸೆನ್ಸರಿನಿಂದ ಮೂರು ಸ್ಥಿತಿ ಸಿಕ್ಕಿತು: ಈ ಮುಖ, ಆ ಮುಖ, ಕೈಯಲ್ಲಿದೆ. ತೂಕಕ್ಕೆ ಹಿತ್ತಾಳೆ ಹಾಕಿದ್ದು ಇದಕ್ಕೇ. ಕಬ್ಬಿಣ ಹಾಕಿದ್ದರೆ ಕಾಂತಕ್ಷೇತ್ರವನ್ನು ಅದು ತನ್ನ ಕಡೆಗೆ ಎಳೆದುಕೊಳ್ಳುತ್ತಿತ್ತು.

ಮೂರು ಎಚ್ಚರಿಕೆ. ಸರ್ವೋಗಾಗಲಿ ಮೋಟಾರಿಗಾಗಲಿ ಬೋರ್ಡಿನ ಪಿನ್ನಿನಿಂದ ನೇರವಾಗಿ ವಿದ್ಯುತ್ ಕೊಡಬೇಡಿ. ಊನೋದ ಒಂದು ಪಿನ್ 20 ಮಿಲಿಆಂಪಿಯರ್ ಹೊರುವುದೇ ಲೇಸು. ಸರ್ವೋಗೆ ಬೇರೆ ಕಡೆಯಿಂದ 5 ವೋಲ್ಟ್ ಕೊಟ್ಟು, ಬೋರ್ಡಿಗೆ ಗ್ರೌಂಡ್ ಮತ್ತು ಸಂಕೇತದ ತಂತಿ ಮಾತ್ರ ಸೇರಿಸಿ. ವೈಬ್ರೇಷನ್ ಮೋಟಾರಾದರೆ ಟ್ರಾನ್ಸಿಸ್ಟರ್ ಮತ್ತು ಡಯೋಡ್ ಬೇಕು. ಎರಡನೆಯದು, ಕರೆಂಟ್ ಹೋದರೆ ಊನೋ ಗಂಟೆ ಮರೆಯುತ್ತದೆ. ಡಿಎಸ್3231ರಂಥ ಗಡಿಯಾರದ ಮಾಡ್ಯೂಲನ್ನು ಬಟನ್ ಸೆಲ್ ಸಮೇತ ಸೇರಿಸಿ. ಮೂರನೆಯದು, ಒಂದೇ ಓದಿಕೆಯನ್ನು ನಂಬಬೇಡಿ. ನಾನು 10 ಮಿಲಿಸೆಕೆಂಡಿಗೊಮ್ಮೆ ಓದಿ, ಸತತ 5 ಸಲ ಒಂದೇ ಸ್ಥಿತಿ ಬಂದರೆ ಮಾತ್ರ ಒಪ್ಪಿಕೊಳ್ಳುತ್ತೇನೆ.

ಹೆಜ್ಜೆ 7: ಪ್ರತಿಕ್ರಿಯೆಯ ಹೊತ್ತು

ಮಾಡಿದ್ದಕ್ಕೆ ಉತ್ತರ 0.1 ಸೆಕೆಂಡಿನೊಳಗೆ ಬಂದರೆ “ನಾನೇ ಮಾಡಿದೆ” ಅನಿಸುತ್ತದೆ. ಅರ್ಧ ಸೆಕೆಂಡ್ ತಡವಾದರೆ “ಅದು ಮಾಡಿತು” ಅನಿಸುತ್ತದೆ. ಒಂದು ಸೆಕೆಂಡ್ ದಾಟಿದರೆ ಜನ ಇನ್ನೊಂದು ಸಲ ಮಾಡುತ್ತಾರೆ. ಮೇಲೆ ಹೇಳಿದ 5 ಓದಿಕೆಗೆ 50 ಮಿಲಿಸೆಕೆಂಡ್ ಹೋಯಿತು, ಮಣಿ ಬಡಿಯಲು ಇನ್ನಷ್ಟು. ಈ ಲೆಕ್ಕವನ್ನು ಕಾಗದದ ಮೇಲೆ ಕೂಡಿಸಿ ನೋಡಿ.

ಹೊತ್ತು ಸರಿಯಿದ್ದರೆ ಇಲ್ಲದ್ದನ್ನೂ ಕೈ ನಂಬುತ್ತದೆ. 2015ರಿಂದ ಆಪಲ್ ಲ್ಯಾಪ್‌ಟಾಪ್‌ಗಳಲ್ಲಿ ಬಂದ ಟ್ರ್ಯಾಕ್‌ಪ್ಯಾಡ್ ಒತ್ತಿದಾಗ “ಕ್ಲಿಕ್” ಅಂತ ಕೆಳಗೆ ಹೋದ ಹಾಗೆ ಅನಿಸುತ್ತದೆ. ನಿಜವಾಗಿ ಹಾಗೆ ಒಳಗೆ ಹೋಗುವ ಗುಂಡಿಯೇ ಅಲ್ಲಿಲ್ಲ. ಒತ್ತಡ ಅಳೆದು, ಸರಿಯಾದ ಗಳಿಗೆಯಲ್ಲಿ ಒಂದು ಪುಟ್ಟ ಹೊಡೆತ ಕೊಡುತ್ತದೆ ಅಷ್ಟೇ. ಲ್ಯಾಪ್‌ಟಾಪ್ ಪೂರ್ತಿ ಆರಿಸಿ ಒತ್ತಿ ನೋಡಿ, ಬರೀ ಗಟ್ಟಿ ಹಲಗೆ.

ನಾನೂ ಮೊದಲು ವೈಬ್ರೇಷನ್ನನ್ನೇ ಹಾಕಿದ್ದೆ. ತುಂಡು ಮೇಜಿನ ಮೇಲಿದ್ದಾಗ ಅದು ಕೈಗೆ ತಿಳಿಯುವುದು ಹೇಗೆ? ಮೇಜು ಗುರ್ರ್ ಅಂದಿತು, ಲೋಟ ನಡುಗಿತು, ಅಪ್ಪ ಗಾಬರಿಯಾದರು. ವೈಬ್ರೇಷನ್ ಬಳಸುವುದಾದರೆ ವಸ್ತು ಮೈಗೆ ತಾಗಿಕೊಂಡಿರುವಾಗ ಮಾತ್ರ ಬಳಸಿ.

ಹೆಜ್ಜೆ 8: ಕರೆಯುವಾಗ ಮೆಲ್ಲಗೆ ಕರೆಯಲಿ

1995ರ ಸುಮಾರಿಗೆ ಝೆರಾಕ್ಸ್ ಪಾರ್ಕ್ ಸಂಶೋಧನಾಲಯದಲ್ಲಿ ಕಲಾವಿದೆ ನಟಾಲಿ ಜೆರೆಮಿಜೆಂಕೊ ಮೇಲ್ಛಾವಣಿಯಿಂದ 8 ಅಡಿಯ ಪ್ಲಾಸ್ಟಿಕ್ ದಾರವೊಂದನ್ನು ಮೋಟಾರಿಗೆ ಕಟ್ಟಿ ತೂಗುಬಿಟ್ಟರು. ಕಚೇರಿಯ ನೆಟ್‌ವರ್ಕಿನಲ್ಲಿ ಓಡಾಟ ಕಡಿಮೆಯಿದ್ದರೆ ದಾರ ಆಗೊಮ್ಮೆ ಈಗೊಮ್ಮೆ ಮಿಸುಕುತ್ತಿತ್ತು, ಜಾಸ್ತಿಯಾದರೆ ಗಿರ್ರನೆ ಸುತ್ತುತ್ತಿತ್ತು. ಯಾರೂ ಅದನ್ನೇ ನೋಡುತ್ತಾ ಕೂರುತ್ತಿರಲಿಲ್ಲ, ಆದರೆ ಎಲ್ಲರಿಗೂ ಗೊತ್ತಾಗುತ್ತಿತ್ತು. ಅಲ್ಲೇ ಕೆಲಸ ಮಾಡುತ್ತಿದ್ದ ಮಾರ್ಕ್ ವೈಸರ್ ಮತ್ತು ಜಾನ್ ಸೀಲಿ ಬ್ರೌನ್ ಇದನ್ನು ಶಾಂತ ತಂತ್ರಜ್ಞಾನದ ಮಾದರಿಯಾಗಿ ಎತ್ತಿ ಹೇಳಿದರು.

ಮಾತ್ರೆಯ ಹೊತ್ತು ಹತ್ತಿರವಾದಾಗ ನನ್ನ ತಟ್ಟೆಯ ಅಂಚಿನಲ್ಲಿ ಒಂದು ಬೆಚ್ಚನೆಯ ಬಿಳಿ ದೀಪ 10 ನಿಮಿಷದಲ್ಲಿ ನಿಧಾನಕ್ಕೆ ಏರುತ್ತದೆ. ಆಗಲೂ ತುಂಡು ಮಗುಚದಿದ್ದರೆ ಮಾತ್ರ ಟಕ್ ಟಕ್. ಬೋರ್ಡಿಗೆ ದೀಪದ ಬೆಳಕನ್ನು 0ಯಿಂದ 255ರವರೆಗಿನ ಅಂಕೆಯಲ್ಲಿ ಹೇಳಬೇಕು; ಆ ಅಂಕೆಯನ್ನು ಸಮನಾಗಿ ಏರಿಸಬೇಡಿ. ಕಣ್ಣಿಗೆ ಅದು ಮೊದಲು ಧಡಕ್ಕನೆ ಹತ್ತಿ ಆಮೇಲೆ ನಿಂತ ಹಾಗೆ ಕಾಣುತ್ತದೆ. ಎಷ್ಟು ಭಾಗ ಹೊತ್ತು ಕಳೆದಿದೆಯೋ ಅದರ ವರ್ಗವನ್ನು 255ರಿಂದ ಗುಣಿಸಿ. ಅರ್ಧ ಹೊತ್ತಿಗೆ 128ರ ಬದಲು 64. ಆಗ ಬೆಳಗಾದ ಹಾಗೆ ಏರುತ್ತದೆ.

ಹೆಜ್ಜೆ 9: ಮನೆಯಲ್ಲಿ ಬಿಟ್ಟು ನೋಡಿ

ಮೇಜಿನ ಮುಂದೆ ಕೂರಿಸಿ ಮಾಡುವ ಪರೀಕ್ಷೆ ಅರ್ಧ ಗಂಟೆಯದು. ನಿಜವಾದ ತಪ್ಪುಗಳು ಎರಡನೇ ವಾರದಲ್ಲಿ ಬರುತ್ತವೆ. ನಮ್ಮಲ್ಲಿ ಒಂಬತ್ತನೇ ದಿನ ಬಂತು. ಮೇಜು ಒರೆಸುವಾಗ ಅಮ್ಮ ತುಂಡನ್ನು ಎತ್ತಿ, ಒರೆಸಿ, ಇನ್ನೊಂದು ಮುಖ ಮೇಲೆ ಮಾಡಿ ಇಟ್ಟುಬಿಟ್ಟರು. ರಾತ್ರಿ ಮಾತ್ರೆ ತಪ್ಪುವುದರಲ್ಲಿತ್ತು. ಅಮ್ಮನದು ಏನೂ ತಪ್ಪಿಲ್ಲ. ಒರೆಸಲು ಎತ್ತುವ ಕೈಯನ್ನು ನಾನು ಹೆಜ್ಜೆ 1ರಲ್ಲಿ ನೋಡಿಯೇ ಇರಲಿಲ್ಲ. ಈಗ ಮಾತ್ರೆಯ ಹೊತ್ತಲ್ಲದ ಹೊತ್ತಿನಲ್ಲಿ ತುಂಡು ಮಗುಚಿದರೆ ದೀಪ ತಕ್ಷಣ ಸಣ್ಣಗೆ ಹತ್ತಿ, ಮತ್ತೆ ಸರಿ ಮಾಡುವವರೆಗೂ ಉರಿಯುತ್ತದೆ. ಮಾತ್ರೆ ನುಂಗದೆಯೇ ತುಂಡು ಮಗುಚಿದರೆ? ಅದನ್ನು ಈ ವಸ್ತು ಹಿಡಿಯಲಾರದು. ಯಾವುದು ತನಗೆ ತಿಳಿಯದು ಅಂತ ಬಳಸುವವರಿಗೆ ಬಾಯಿಬಿಟ್ಟು ಹೇಳಿಬಿಡಿ.

ಎರಡು ವಾರ ದಿನಾ ಒಂದೆರಡು ಸಾಲು ಬರೆದಿಡಿ. “ಇಷ್ಟವಾಯಿತಾ?” ಅಂತ ಕೇಳಬೇಡಿ, ಬೇಜಾರು ಮಾಡಬಾರದು ಅಂತ ಹೌದು ಅನ್ನುತ್ತಾರೆ. “ನಿನ್ನೆ ರಾತ್ರಿ ಏನು ಮಾಡಿದಿರಿ, ತೋರಿಸಿ” ಅನ್ನಿ. ಒಂದು ದಿನ ಹೇಳದೆ ವಿದ್ಯುತ್ ತೆಗೆದು, ಆಗಲೂ ವಸ್ತುವಿನಿಂದ ಉತ್ತರ ಸಿಗುತ್ತದೆಯೇ ನೋಡಿ.

ಕೊನೆಗೆ ವಸ್ತುವನ್ನೇ ಕೈಗೆತ್ತಿಕೊಂಡು ಬೆಳಕಿಗೆ ಹಿಡಿಯಿರಿ. ಎಲ್ಲಿ ಸವೆದಿದೆ, ಎಲ್ಲಿ ಹೊಳಪು ಬಂದಿದೆ ನೋಡಿ. ಅಪ್ಪನ ತುಂಡಿನಲ್ಲಿ ಎಡಗಡೆಯ ಒಂದು ಮೂಲೆ ಎಣ್ಣೆ ಹಚ್ಚಿದ ಹಾಗೆ ನಯವಾಗಿದೆ. ಹೆಬ್ಬೆರಳು ಕೂರುವ ಜಾಗ ಅದು. ನಾನು ಹಿಡಿಯಲೆಂದು ಗುಳಿ ತೋಡಿದ್ದು ಬಲಗಡೆ. ಮುಂದಿನ ತುಂಡಿಗೆ ಈಗ ಎಡಗಡೆ ಗುರುತು ಹಾಕಿಟ್ಟಿದ್ದೇನೆ.